ಮುಲ್ಕಿ ಸರ್ಟಿಫಿಕೇಟಿನಿಂದ ಬೋನಫೈಡ್ ತನಕ

ನಮ್ಮ ಭಾಗದಲ್ಲಿ ಸರ್ಕಾರಿ ನೌಕರಿಯ ಜಾಹೀರಾತು ಬಂತಂದ್ರ ಹುಡುಗರು ಮೊದಲು ಕೇಳೋದು ಪಗಾರ ಎಷ್ಟು ಅಂತ ಅಲ್ಲ. "ಸರ್, ನಾನು ಲೋಕಲ್ಲೋ, ನಾನ್ ಲೋಕಲ್ಲೋ?" ಅಂತ ಕೇಳ್ತಾರ. ಮೂವತ್ತು ವರ್ಷಕ್ಕೂ ಹೆಚ್ಚು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು, ಬೋನಫೈಡ್ ಸರ್ಟಿಫಿಕೇಟು ಇವುಗಳ ನಡುವೆಯೇ ಆಯುಷ್ಯ ಕಳೆದಿದೆ. ಹಾಗಾಗಿ ಈ ಪ್ರಶ್ನೆ ನನ್ನ ತನಕ ಬಂದೇ ಬರ್ತದ. ಕೇಳುವ ಹುಡುಗನ ಮನೆ ಇಲ್ಲೇ, ಹೊಲ ಇಲ್ಲೇ, ರೇಷನ್ ಕಾರ್ಡು, ಓಟು ಎಲ್ಲಾ ಇಲ್ಲೇ. ಆದರೂ ಎಷ್ಟೋ ಮಂದಿಗೆ ನಾನು "ನೀನು ನಾನ್ ಲೋಕಲ್ ಆಗ್ತಿ ನೋಡಪ್ಪ" ಅಂತ ಹೇಳಬೇಕಾಗಿ ಬಂದಿದೆ.

ತನ್ನ ಊರಿನಲ್ಲೇ ಇದ್ದವನು ಪರಸ್ಥಳದವನು ಹ್ಯಾಂಗಾಗ್ತಾನ? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷದ ಹಿಂದಕ್ಕೆ ಹೋಗಬೇಕು. ಸರ್ಕಾರಿ ಕೆಲಸ ಸ್ಥಳೀಯರಿಗೇ ಸಿಗಬೇಕು ಎಂಬ ಬೇಡಿಕೆ ನಮ್ಮ ಹೈದರಾಬಾದ್ ಸೀಮೆಯಲ್ಲಿ ಬಹಳ ಹಳೇದು. ಅದಕ್ಕಾಗಿ ಗುಂಡು ಹಾರಿವೆ, ಮುಖ್ಯಮಂತ್ರಿಯ ಕುರ್ಚಿ ಹೋಗಿದೆ, ಸಂವಿಧಾನವೇ ತಿದ್ದುಪಡಿ ಆಗಿದೆ. ಆದರೆ "ಸ್ಥಳೀಯ ಅಂದರೆ ಯಾರು" ಎಂಬುದರ ಅರ್ಥ ಮಾತ್ರ ಕಾಲಕಾಲಕ್ಕೆ ಬದಲಾಗ್ತಾ ಬಂದಿದೆ. ಆ ಬದಲಾವಣೆ ಗಡಿಯವರಾದ ನಮಗೆ ಏನು ಮಾಡಿತು ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ನಿಜಾಮರ ಕಾಲದ ಮುಲ್ಕಿ

"ಮುಲ್ಕ್" ಅಂದರೆ ನಾಡು. ನಾಡಿನವನು ಮುಲ್ಕಿ, ಹೊರಗಿನವನು ಗೈರ್ ಮುಲ್ಕಿ. ಒಂದನೇ ಸಾಲಾರ್ ಜಂಗ್ 1853ರಿಂದ 1883ರವರೆಗೆ ಹೈದರಾಬಾದಿನ ದಿವಾನರಾಗಿದ್ದರು. ಆಡಳಿತ ಸುಧಾರಿಸಬೇಕೆಂದು ಉತ್ತರ ಹಿಂದೂಸ್ಥಾನದಿಂದ ಓದಿದ ಅಧಿಕಾರಿಗಳನ್ನು ಕರೆಸಿದರು. ಬಂದವರು ಕೆಲಸ ಬಲ್ಲವರು, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ಹಿಂದೆ ಅವರ ಬಂಧುಗಳು, ಊರಿನವರು ಬಂದರು. 1880ರ ದಶಕದಲ್ಲಿ ಪಾರ್ಸಿ ಭಾಷೆಯ ಜಾಗಕ್ಕೆ ಉರ್ದು ಬಂದು ದಫ್ತರದ ಭಾಷೆಯಾಯಿತು. ಆಗ ಉತ್ತರದವರಿಗೆ ಇನ್ನೂ ಅನುಕೂಲವಾಯಿತು. ಇಲ್ಲಿಯ ಉರ್ದು ಬಲ್ಲ ಮನೆತನಗಳಿಗೇ ಅದು ಕಷ್ಟವಾದ ಮೇಲೆ, ಕನ್ನಡ, ತೆಲುಗು, ಮರಾಠಿ ಮಾತಾಡುವ ರೈತರ ಮಕ್ಕಳ ಪಾಡು ಹೇಳುವುದೇ ಬೇಡ.

ಈ ಅಸಮಾಧಾನದಿಂದಲೇ ಮುಲ್ಕಿ ನಿಯಮ ಹುಟ್ಟಿತು. 1919ರಲ್ಲಿ ನಿಜಾಮರ ಫರ್ಮಾನು ಅದನ್ನು ಗಟ್ಟಿ ಮಾಡಿತು. ಸಂಸ್ಥಾನದಲ್ಲಿ ಪ್ರಜೆಯಾಗಿ ಹುಟ್ಟಿದವನು ಮುಲ್ಕಿ. ಹೊರಗಿನಿಂದ ಬಂದವನಾದರೆ ಕನಿಷ್ಠ 15 ವರ್ಷ ಕಾಯಂ ಆಗಿ ಇಲ್ಲಿ ವಾಸ ಮಾಡಿರಬೇಕು. ಅಷ್ಟೇ ಸಾಲದು. ಹಳೆಯ ಊರಿಗೆ ವಾಪಸ್ ಹೋಗುವ ಯೋಚನೆ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರವನ್ನೂ ಕೊಡಬೇಕು. ಮುಲ್ಕಿಯನ್ನು ಮದುವೆಯಾದ ಹೆಣ್ಣುಮಗಳೂ ಮುಲ್ಕಿಯೇ.

ಈ ನಿಯಮದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸುತ್ತದೆ. ವರ್ಷಗಳ ಲೆಕ್ಕದ ಜೊತೆಗೆ ಅದು ಮನಸ್ಸನ್ನೂ ಕೇಳಿತ್ತು. ನೀನು ಇಲ್ಲಿಯವನಾಗಿ ಉಳಿಯುತ್ತೀಯೋ, ಅಥವಾ ಗಂಟು ಕಟ್ಟಿಕೊಂಡು ಹೋಗುವವನೋ ಅಂತ. ನೆಲೆ ಅಂದರೆ ಬರೀ ವಾಸವಲ್ಲ, ಉಳಿಯುವ ನಿಶ್ಚಯ ಎಂದು ಅದು ತಿಳಿದಿತ್ತು.

ಹಾಗಂತ ಆ ಕಾಲವನ್ನು ಹೊಗಳಲು ಹೋಗಬಾರದು. ಹಳ್ಳಿಯ ಪಟೇಲ, ಪಟವಾರಿ ನೂರಕ್ಕೆ ನೂರು ಸ್ಥಳೀಯರೇ ಇದ್ದರು. ವಂಶಪಾರಂಪರ್ಯ ವತನದಾರರು. ಅವರ ಕೈಯಲ್ಲಿ ಬಡವರು ಪಟ್ಟ ಪಾಡು ಹಿರಿಯರಿಗೆಲ್ಲಾ ಗೊತ್ತು. ಆ ಪದ್ಧತಿ 1984ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ತೆಗೆದುಹಾಕುವ ತನಕ ನಡೆಯಿತು. ಊರಿನವನೇ ಅಧಿಕಾರಿಯಾದ ಮಾತ್ರಕ್ಕೆ ನ್ಯಾಯ ಸಿಕ್ಕೇ ಸಿಗ್ತದ ಅನ್ನುವಂತಿಲ್ಲ.

1952ರ ಗಲಾಟೆ ಮತ್ತು ಸಂವಿಧಾನ

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು. ಸಂಸ್ಥಾನ ಭಾರತದಲ್ಲಿ ಸೇರಿತು. ಆಡಳಿತ ನಡೆಸಲು ಮದ್ರಾಸ್ ಮತ್ತು ಮಧ್ಯ ಪ್ರಾಂತದ ಕಡೆಯಿಂದ ಅಧಿಕಾರಿಗಳು ಬಂದರು. ಅವರ ಹಿಂದೆ ಗುಮಾಸ್ತರು, ಶಿಕ್ಷಕರೂ ಬಂದರು. ದುಡ್ಡು ಕೊಟ್ಟರೆ ಸುಳ್ಳು ಮುಲ್ಕಿ ಸರ್ಟಿಫಿಕೇಟು ಸಿಗ್ತದ ಎಂಬ ದೂರು ಎಲ್ಲೆಲ್ಲೂ ಇತ್ತು. 1952ರಲ್ಲಿ ಶಿಕ್ಷಣ ಇಲಾಖೆಯ ನೇಮಕ, ವರ್ಗಾವಣೆಗಳ ತಕರಾರಿನಿಂದ ವರಂಗಲ್ಲಿನಲ್ಲಿ ವಿದ್ಯಾರ್ಥಿಗಳ ಚಳವಳಿ ಎದ್ದಿತು. "ಗೈರ್ ಮುಲ್ಕಿ ಗೋ ಬ್ಯಾಕ್" ಎಂಬ ಕೂಗು ರಾಜಧಾನಿ ಮುಟ್ಟಿತು. ಸೆಪ್ಟೆಂಬರ್ 3 ಮತ್ತು 4ರಂದು ಹೈದರಾಬಾದಿನಲ್ಲಿ ಸಿಟಿ ಕಾಲೇಜಿನ ಹತ್ತಿರ ಗೋಲಿಬಾರಾಗಿ ಪ್ರಾಣಗಳು ಹೋದವು. ಆಗ ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿ. ಗೋಲಿಬಾರಿನ ವಿಚಾರಣೆಯನ್ನು ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರು ನಡೆಸಿದರು.

ಇಷ್ಟರಲ್ಲಿ ಸಂವಿಧಾನ ಜಾರಿಗೆ ಬಂದಾಗಿತ್ತು. ಅದರ 16ನೇ ವಿಧಿ ನೋಡಿರಿ. ಹುಟ್ಟಿದ ಸ್ಥಳ, ವಾಸದ ಸ್ಥಳ ನೋಡಿ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದು ಅಂತ ಅದು ಹೇಳ್ತದ. ದೇಶ ಒಂದು, ಎಲ್ಲಿಯವನಾದರೂ ಎಲ್ಲಿ ಬೇಕಾದರೂ ದುಡಿಯಬಹುದು ಎಂಬ ಭಾವನೆ. ಆದರೆ ಅದೇ ವಿಧಿಯ 3ನೇ ಉಪವಿಧಿ ಒಂದು ಕಿಂಡಿ ಬಿಟ್ಟಿದೆ. ಒಂದು ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಕೆಲವು ನೌಕರಿಗಳಿಗೆ ಆ ರಾಜ್ಯದಲ್ಲಿ ವಾಸವಿರಬೇಕು ಎಂದು ಷರತ್ತು ಹಾಕಬಹುದು. ಆ ಷರತ್ತನ್ನು ಹಾಕಬೇಕಾದದ್ದು ಸಂಸತ್ತು ಮಾತ್ರ. ಒಂದೊಂದು ರಾಜ್ಯ ಒಂದೊಂದು ನಿಯಮ ಮಾಡಿಕೊಂಡರೆ ಸಮಾನ ಪೌರತ್ವಕ್ಕೆ ಅರ್ಥ ಉಳಿಯುವುದಿಲ್ಲ ಎಂಬ ಎಚ್ಚರಿಕೆ ಅದರ ಹಿಂದೆ ಇತ್ತು. ಈ ಒಂದು ಉಪವಿಧಿಯ ಮೇಲೆಯೇ ಮುಂದಿನ ಜಗಳವೆಲ್ಲಾ ನಡೆಯಿತು.

ಒಂದು ಗೆರೆ, ಎರಡು ಕಾನೂನು

1956ರ ಫೆಬ್ರವರಿ 20ರಂದು ಆಂಧ್ರ ಮತ್ತು ತೆಲಂಗಾಣದ ಮುಖಂಡರು ದಿಲ್ಲಿಯಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಅದನ್ನು ದೊಡ್ಡ ಮನುಷ್ಯರ ಒಪ್ಪಂದ ಅಂತಾರ. ತೆಲಂಗಾಣದ ನೌಕರಿಗೆ 12 ವರ್ಷದ ವಾಸದಂತಹ ನಿಯಮ ಇರಬೇಕು ಎಂಬುದೂ ಅದರಲ್ಲಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು.

ಈ ಪಾಲಿನ ಕಥೆ ನಮ್ಮ ಮನೆಬಾಗಿಲಿನದು. ಬೀದರ ಜಿಲ್ಲೆಯ ಜಹೀರಾಬಾದ್ ತಾಲೂಕನ್ನು ಅದರ ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ತೆಲಂಗಾಣದ ಮೇದಕ್ ಜಿಲ್ಲೆಗೆ ಸೇರಿಸಿದರು. ಬೀದರ ತಾಲೂಕಿನ ನಮ್ಮ ನ್ಯಾಲ್ಕಲ್ ಸರ್ಕಲ್ಲನ್ನೂ, ನಾರಾಯಣಖೇಡ ತಾಲೂಕನ್ನೂ ಅತ್ತಲೇ ಹಾಕಿದರು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳೂ ಹಾಗೇ ಹೋದವು. ನಿರ್ಣಾ ಮೈಸೂರು ರಾಜ್ಯದಲ್ಲಿ ಉಳಿಯಿತು. ಮಾತು ಒಂದೇ, ಸಂತೆ ಒಂದೇ, ಬೀಗತನ ಒಂದೇ. ಗಡಿ ಮಾತ್ರ ನಡುವೆ.

1957ರಲ್ಲಿ ಸಂಸತ್ತು ಸಾರ್ವಜನಿಕ ಉದ್ಯೋಗದ ವಾಸ ನಿಯಮದ ಕಾಯ್ದೆ ಮಾಡಿತು. 16ನೇ ವಿಧಿಯ ಆ ಕಿಂಡಿಯನ್ನು ಬಳಸಿ ಸಂಸತ್ತು ಮಾಡಿದ ಕಾಯ್ದೆ ಇದೊಂದೇ. ಅದು ದೇಶದ ಎಲ್ಲಾ ಕಡೆ ಹಳೆಯ ವಾಸದ ಷರತ್ತುಗಳನ್ನು ತೆಗೆದುಹಾಕಿತು. ವಿನಾಯಿತಿ ಕೊಟ್ಟದ್ದು ಆಂಧ್ರ ಪ್ರದೇಶದ ತೆಲಂಗಾಣ ಭಾಗಕ್ಕೆ ಮತ್ತು ಹಿಮಾಚಲ, ಮಣಿಪುರ, ತ್ರಿಪುರಗಳಿಗೆ. ಅದೂ ಐದು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಮತ್ತೆ ಮುಂದುವರಿಸಿದರು. 1959ರಲ್ಲಿ ಬಂದ ನಿಯಮಗಳಂತೆ ತೆಲಂಗಾಣದ ಕೆಳ ದರ್ಜೆಯ ನೌಕರಿಗಳಿಗೆ 15 ವರ್ಷದ ವಾಸ ಬೇಕಾಯಿತು.

ಈಗ ಲೆಕ್ಕ ಹಾಕಿರಿ. ನ್ಯಾಲ್ಕಲ್ಲಿನವನಿಗೆ ವಾಸದ ರಕ್ಷಣೆ ಉಳಿಯಿತು. ನಿರ್ಣಾದವನಿಗೆ ಹೋಯಿತು. ಮೈಸೂರಿಗೆ ಸೇರಿದ ಬೀದರ, ಗುಲ್ಬರ್ಗಾ, ರಾಯಚೂರಿನ ಮಂದಿಗೆ ಆ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಅವರು ಹಳೇ ಮೈಸೂರಿನ, ಧಾರವಾಡದ ಓದಿದ ಮಂದಿಯ ಜೊತೆ ಪೈಪೋಟಿ ಮಾಡಬೇಕಾಯಿತು. ಹೆಚ್ಚು ಕಡಿಮೆ 55 ವರ್ಷ ಅವರು ಹಾಗೇ ಇದ್ದರು.

ನ್ಯಾಯಾಲಯ, ಬೀದಿ, ತಿದ್ದುಪಡಿ

ಕಾಗದದ ಮೇಲಿದ್ದ ರಕ್ಷಣೆ ತೆಲಂಗಾಣದಲ್ಲೂ ಸರಿಯಾಗಿ ನಡೆಯಲಿಲ್ಲ. 1969ರ ಜನವರಿಯಲ್ಲಿ ಖಮ್ಮಂ ಜಿಲ್ಲೆಯ ಕೊತ್ತಗೂಡೆಂ ವಿದ್ಯುತ್ ಕೇಂದ್ರದ ನೌಕರಿಗಳ ವಿಷಯದಲ್ಲಿ ಚಳವಳಿ ಎದ್ದಿತು. ಅದು ಬೆಳೆದು ಪ್ರತ್ಯೇಕ ತೆಲಂಗಾಣದ ಕೂಗಾಯಿತು. ಸರ್ಕಾರ ಸ್ಥಳೀಯರಲ್ಲದವರನ್ನು ವಾಪಸ್ ಕಳಿಸುವ ಆದೇಶ ಹೊರಡಿಸಿತು. ಹೋಗಬೇಕಾದವರು ಸುಪ್ರೀಂ ಕೋರ್ಟಿಗೆ ಹೋದರು. ಮಾರ್ಚ್ 28ರಂದು ತೀರ್ಪು ಬಂತು. ಸಂಸತ್ತು "ರಾಜ್ಯದಲ್ಲಿ" ವಾಸವಿರಬೇಕು ಅಂತ ಷರತ್ತು ಹಾಕಬಹುದು, ರಾಜ್ಯದ ಒಂದು ಭಾಗದಲ್ಲಿ ಇರಬೇಕು ಅಂತ ಹಾಕುವಂತಿಲ್ಲ ಎಂದು ಕೋರ್ಟು ಹೇಳಿತು. ತೆಲಂಗಾಣಕ್ಕೆ ಕೊಟ್ಟಿದ್ದ ವಿನಾಯಿತಿ ಬಿದ್ದುಹೋಯಿತು.

1972ರ ಅಕ್ಟೋಬರ್ 3ರಂದು ಇನ್ನೊಂದು ಮೊಕದ್ದಮೆಯಲ್ಲಿ ಅದೇ ಕೋರ್ಟು, ನಿಜಾಮರ ಕಾಲದ ಮುಲ್ಕಿ ನಿಯಮಗಳು ಇನ್ನೂ ಜೀವಂತ ಇವೆ ಎಂದಿತು. ಈಗ ಕರಾವಳಿ ಆಂಧ್ರ ಎದ್ದಿತು. ನಮ್ಮ ರಾಜಧಾನಿಯಲ್ಲೇ ನಮಗೆ ನೌಕರಿ ಇಲ್ಲವೇ ಎಂದು "ಜೈ ಆಂಧ್ರ" ಚಳವಳಿ ನಡೆಯಿತು. ಪಿ.ವಿ. ನರಸಿಂಹರಾಯರು 1973ರ ಜನವರಿಯಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು, ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೂ ಕಡೆಯ ಸಿಟ್ಟಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇತ್ತು. ಅದಕ್ಕೇ ಅದು ಸುಲಭಕ್ಕೆ ಆರಲಿಲ್ಲ.

1973ರ ಸೆಪ್ಟೆಂಬರ್ 21ರಂದು ಆರು ಅಂಶಗಳ ಸೂತ್ರ ಬಂತು. ಮುಲ್ಕಿ ನಿಯಮ ಪೂರ್ತಿ ರದ್ದಾಯಿತು. ಸಂವಿಧಾನಕ್ಕೆ 32ನೇ ತಿದ್ದುಪಡಿಯಾಗಿ 371ಡಿ ವಿಧಿ ಸೇರಿತು. ಇದರ ಬಲ ಏನಂದ್ರ, ಸಂವಿಧಾನದ ಬೇರೆ ಯಾವ ವಿಧಿ ಏನೇ ಹೇಳಲಿ, ಇದು ನಡೀತದ. ಕೋರ್ಟಿನಲ್ಲಿ ಬಿದ್ದುಹೋದದ್ದನ್ನು ಸಂವಿಧಾನದೊಳಗೇ ತಂದು ಕೂರಿಸಿದಂತಾಯಿತು.

ಊರು ಹೋಗಿ ಶಾಲೆ ಬಂತು

371ಡಿ ಪ್ರಕಾರ 1975ರ ಅಕ್ಟೋಬರ್ 18ರಂದು ರಾಷ್ಟ್ರಪತಿಗಳ ಆದೇಶ ಹೊರಟಿತು. ನಮ್ಮ ಕಥೆ ತಿರುಗುವುದು ಇಲ್ಲಿಯೇ. ರಾಜ್ಯವನ್ನು ಆರು ವಲಯ ಮಾಡಿದರು. ನಮ್ಮ ಮೇದಕ್ ಜಿಲ್ಲೆ ಆರನೇ ವಲಯಕ್ಕೆ ಬಂತು. ಜಿಲ್ಲಾ ಮಟ್ಟದ ಗುಮಾಸ್ತರ ಮತ್ತು ಅದಕ್ಕೆ ಸಮನಾದ ನೌಕರಿಗಳಲ್ಲಿ ನೂರಕ್ಕೆ 80, ವಲಯ ಮಟ್ಟದ ಗೆಜೆಟೆಡ್ ಅಲ್ಲದ ನೌಕರಿಗಳಲ್ಲಿ 70, ಗೆಜೆಟೆಡ್ ನೌಕರಿಗಳಲ್ಲಿ 60 ಸ್ಥಳೀಯರಿಗೆ.

ಸ್ಥಳೀಯ ಅಂದರೆ ಯಾರು? ಹದಿನೈದು ವರ್ಷದ ವಾಸದ ಮಾತು ಹೋಯಿತು. ವಾಪಸ್ ಹೋಗುವುದಿಲ್ಲ ಎಂಬ ಪ್ರಮಾಣವೂ ಹೋಯಿತು. ಮೆಟ್ರಿಕ್ ಪರೀಕ್ಷೆಗೆ ಕೂತ ವರ್ಷ ಸೇರಿ ಹಿಂದಿನ ನಾಲ್ಕು ವರ್ಷ ಸತತ ಯಾವ ಜಿಲ್ಲೆಯ ಅಥವಾ ವಲಯದ ಶಾಲೆಯಲ್ಲಿ ಓದಿದನೋ, ಅವನು ಅಲ್ಲಿಯ ಸ್ಥಳೀಯ. ನಾಲ್ಕು ವರ್ಷ ಒಂದೇ ಕಡೆ ಇಲ್ಲದಿದ್ದರೆ, ರಾಜ್ಯದೊಳಗೆ ಓದಿದ ಕೊನೆಯ ಏಳು ವರ್ಷದಲ್ಲಿ, ಅಂದರೆ 4ನೇ ಇಯತ್ತೆಯಿಂದ 10ನೇ ಇಯತ್ತೆಯವರೆಗೆ, ಹೆಚ್ಚು ವರ್ಷ ಎಲ್ಲಿ ಓದಿದನೋ ಅಲ್ಲಿಯವನು. ಶಾಲೆಗೇ ಹೋಗದವರಿಗೆ ಮಾತ್ರ ವಾಸದ ದಾಖಲೆ.

ಈ ಬದಲಾವಣೆಗೆ ಕಾರಣವಿಲ್ಲದೆ ಇಲ್ಲ. ವಾಸದ ಸರ್ಟಿಫಿಕೇಟು ತಹಸೀಲಿನಲ್ಲಿ ಒಂದು ದಿನದಲ್ಲಿ ಹುಟ್ಟಬಹುದು, 1952ರ ಗಲಾಟೆಯಲ್ಲಿ ಅದನ್ನು ಮಂದಿ ಕಣ್ಣಾರೆ ಕಂಡಿದ್ದರು. ಶಾಲೆಯ ರಿಜಿಸ್ಟರು ಹಾಗಲ್ಲ. ವರ್ಷ ವರ್ಷ ತುಂಬುತ್ತಾ ಬರ್ತದ, ಹಿಂದಿನ ತಾರೀಖಿನಲ್ಲಿ ಹೆಸರು ಸೇರಿಸುವುದು ಕಷ್ಟ. ಹೊರಗಿನಿಂದ ಬಂದು ನೌಕರಿ ಹಿಡಿಯುವವನನ್ನು ತಡೆಯಲು ಅದು ಜಾಣ ಉಪಾಯವೇ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಗುಂಟೂರಿನಿಂದ ಹೈದರಾಬಾದಿಗೆ ಬಂದವನು. ನ್ಯಾಲ್ಕಲ್ಲಿನಿಂದ ಬೀದರಿಗೆ ಹೋಗಿ ಸಂಜೆ ಮನೆಗೆ ಬರುವ ಕನ್ನಡದ ಹುಡುಗ ಅವರಿಗೆ ಕಾಣಲಿಲ್ಲ.

ನಮ್ಮ ಮಕ್ಕಳು ಊರಲ್ಲಿ ಆರು ಏಳನೇ ಇಯತ್ತೆ ಮುಗಿಸ್ತಾರ. ಆಮೇಲೆ ಹೈಸ್ಕೂಲು ಕನ್ನಡದಲ್ಲಿ ಬೇಕಂದ್ರ ಬೀದರವೇ ಗತಿ. ಅಲ್ಲಿ ಅತ್ತೆಯ ಮನೆಯೋ, ದೊಡ್ಡಪ್ಪನ ಮನೆಯೋ, ಹಾಸ್ಟೆಲ್ಲೋ ಇರ್ತದ. ಎಂಟು, ಒಂಬತ್ತು, ಹತ್ತು ಅಲ್ಲಿ ಓದಿದರು. ಆ ಮೂರು ವರ್ಷಕ್ಕೆ ಆದೇಶದ ಪ್ರಕಾರ ಅವರು ತಮ್ಮ ಜಿಲ್ಲೆಗೂ ಸ್ಥಳೀಯರಲ್ಲ, ತಮ್ಮ ರಾಜ್ಯದ ಬೇರೆ ಯಾವ ಜಿಲ್ಲೆಗೂ ಸ್ಥಳೀಯರಲ್ಲ. ನಾಲ್ಕು ವರ್ಷವೂ ಆಗಲಿಲ್ಲ, ರಾಜ್ಯದೊಳಗಿನ ಏಳು ವರ್ಷವೂ ಆಗಲಿಲ್ಲ. ನೂರಕ್ಕೆ 80 ಹೋಯಿತು, ಉಳಿದ 20ರಲ್ಲಿ ಎಲ್ಲರ ಜೊತೆ ನಿಲ್ಲಬೇಕು. ಮಾತೃಭಾಷೆಯಲ್ಲಿ ಓದಿದ್ದಕ್ಕೆ ಇದು ಬಂದ ಬೆಲೆ. ನಾನು ಕಲಿಸಿದ ಹುಡುಗರಲ್ಲೇ ಇಬ್ಬರು, ಒಳ್ಳೇ ಅಂಕ ಬಂದರೂ, ಇದೇ ಕಾರಣಕ್ಕೆ ಶಿಕ್ಷಕರ ನೌಕರಿಯ ಪಟ್ಟಿಯಲ್ಲಿ ಹಿಂದೆ ಬಿದ್ದರು.

ಈ ಆದೇಶವೂ ಸರಿಯಾಗಿ ಪಾಲನೆಯಾಗಲಿಲ್ಲ. ನಮ್ಮ ವಲಯ ಮತ್ತು ಐದನೇ ವಲಯದಲ್ಲಿ ಸ್ಥಳೀಯರಲ್ಲದವರು ಸಾವಿರಾರು ಸಂಖ್ಯೆಯಲ್ಲಿ ಸೇರಿದ್ದಾರೆ ಎಂಬ ದೂರಿನ ಮೇಲೆ 1985ರ ಡಿಸೆಂಬರ್ 30ರಂದು 610ನೇ ಜಿ.ಓ. ಬಂತು. 1986ರ ಮಾರ್ಚ್ ಒಳಗೆ ಅವರನ್ನು ವಾಪಸ್ ಕಳಿಸಬೇಕು ಎಂದಿತ್ತು. ವರ್ಷಗಳು ಕಳೆದವು, ಜಾರಿಯಾಗಲಿಲ್ಲ. 2001ರಲ್ಲಿ ಗಿರ್‌ಗ್ಲಾನಿ ಆಯೋಗ ಕೂತು ತಪ್ಪುಗಳನ್ನು ಪಟ್ಟಿ ಮಾಡಿತು. 2014ರ ಜೂನ್ 2ರಂದು ಪ್ರತ್ಯೇಕ ತೆಲಂಗಾಣ ಹುಟ್ಟಲು ನೀರಿನಷ್ಟೇ ಈ ನೌಕರಿಯ ಲೆಕ್ಕವೂ ಕಾರಣ.

ಅತ್ತ ಕಡೆಯ ಬಾಗಿಲು

ಅತ್ತ ಕರ್ನಾಟಕದಲ್ಲಿ ಬೀದರ, ಕಲಬುರಗಿ ಕಡೆಯವರು "ತೆಲಂಗಾಣಕ್ಕೆ ಸಿಕ್ಕದ್ದು ನಮಗ್ಯಾಕಿಲ್ಲ" ಎಂದು ದಶಕಗಟ್ಟಲೆ ಹೋರಾಡಿದರು. ವೈಜನಾಥ ಪಾಟೀಲರಂಥವರು ಅದಕ್ಕಾಗಿ ಜೀವ ತೇಯ್ದರು. 2012ರಲ್ಲಿ 98ನೇ ತಿದ್ದುಪಡಿಯಾಗಿ 371ಜೆ ವಿಧಿ ಬಂತು. 2013ರ ಆದೇಶದಂತೆ ಆ ಭಾಗದಲ್ಲಿ ಹುಟ್ಟಿದವರು, ಇಲ್ಲವೇ 2013ರ ಜನವರಿ 1ಕ್ಕೆ ಹಿಂದೆ ಕನಿಷ್ಠ 10 ವರ್ಷ ನೆಲೆಸಿದವರು, ಅವರ ಮಕ್ಕಳು ಸ್ಥಳೀಯರು. ಅಲ್ಲಿ ಶಾಲೆಯಲ್ಲ, ಹುಟ್ಟು ಮತ್ತು ವಾಸವೇ ಮುಖ್ಯ.

ನಮ್ಮ ಹುಡುಗ ಬೀದರಿನಲ್ಲಿ ಮೂರು ವರ್ಷ ಓದಿದ್ದಾನೆ, ಆದರೆ ಹುಟ್ಟಿದ್ದು ಇಲ್ಲಿ. ಅಲ್ಲಿಯ ಬಾಗಿಲೂ ಮುಚ್ಚಿತು. ಇಲ್ಲಿ ಹುಟ್ಟಿನ ಲೆಕ್ಕವಿಲ್ಲ, ಅಲ್ಲಿ ಶಾಲೆಯ ಲೆಕ್ಕವಿಲ್ಲ. ಇನ್ನೊಂದು ವಿಚಿತ್ರ ನೋಡಿರಿ. 371ಜೆ ಪಟ್ಟಿಯಲ್ಲಿ ಬಳ್ಳಾರಿ ಇದೆ. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟಿದ್ದರು, ಆಮೇಲೆ ಅದು ಮದ್ರಾಸಿನಲ್ಲಿತ್ತು. 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದ ನ್ಯಾಲ್ಕಲ್ ಮಾತ್ರ ಆ ಪಟ್ಟಿಯಲ್ಲಿಲ್ಲ. ಬಳ್ಳಾರಿಗೆ ಕೊಟ್ಟದ್ದು ತಪ್ಪು ಅಂತ ನಾನು ಹೇಳ್ತಾ ಇಲ್ಲ, ಅಲ್ಲಿಯ ಬಡತನವೂ ಬಡತನವೇ. ಇಂಥ ಗೆರೆಗಳನ್ನು ಎಳೆದದ್ದು ಈಗಿನ ರಾಜ್ಯದ ನಕಾಶೆ ನೋಡಿ. ಚರಿತ್ರೆಯನ್ನಾಗಲಿ, ಗಡಿಯಾಚೆ ಉಳಿದ ಮಂದಿಯನ್ನಾಗಲಿ ನೋಡಿ ಅಲ್ಲ.

2018ರ ಆದೇಶ ನಮಗೆ ಏನು ಕೊಟ್ಟಿತು

2018ರ ಆಗಸ್ಟ್‌ನಲ್ಲಿ ತೆಲಂಗಾಣಕ್ಕೆ ಹೊಸ ರಾಷ್ಟ್ರಪತಿ ಆದೇಶ ಬಂತು. ಈಗ ಏಳು ವಲಯ, ಅವುಗಳ ಮೇಲೆ ಎರಡು ಬಹುವಲಯ. ನಮ್ಮ ಸಂಗಾರೆಡ್ಡಿ ಜಿಲ್ಲೆ ಚಾರ್‌ಮಿನಾರ್ ವಲಯದಲ್ಲಿದೆ. ಸ್ಥಳೀಯರ ಪಾಲು ನೂರಕ್ಕೆ 95. ಇದೆಲ್ಲಾ ಪೇಪರಿನಲ್ಲಿ ಬಂದ ಮಾತು, ಎಲ್ಲರಿಗೂ ಗೊತ್ತು. ಹೊಸ ಜಿಲ್ಲೆಗಳಿಗೆ ನೌಕರರನ್ನು ಹಂಚುವಾಗ 2021ರ 317ನೇ ಜಿ.ಓ. ಹುಟ್ಟೂರಿಗಿಂತ ಸೇವಾ ಹಿರಿತನವನ್ನು ಮುಂದೆ ಮಾಡಿತು ಎಂದು ಶಿಕ್ಷಕರು ನೊಂದದ್ದೂ ಗೊತ್ತು.

ಅಷ್ಟಾಗಿ ಯಾರೂ ಗಮನಿಸದ ಒಂದು ಬದಲಾವಣೆ ಅದರಲ್ಲಿದೆ. ಸ್ಥಳೀಯತೆಯನ್ನು ಈಗ ನೋಡುವುದು 1ರಿಂದ 7ನೇ ಇಯತ್ತೆಯವರೆಗಿನ ಓದಿನ ಮೇಲೆ. ಆ ಏಳರಲ್ಲಿ ಕನಿಷ್ಠ ನಾಲ್ಕು ವರ್ಷ ಎಲ್ಲಿ ಓದಿದ್ದಾರೋ ಅಲ್ಲಿಯವರು. ಅಂದರೆ ಊರ ಶಾಲೆಯಲ್ಲಿ ಪ್ರಾಥಮಿಕ ಮುಗಿಸಿ ಹೈಸ್ಕೂಲಿಗೆ ಬೀದರಿಗೆ ಹೋದ ಹುಡುಗ ಈಗ ನಾನ್ ಲೋಕಲ್ ಅಲ್ಲ! ಗಡಿಯವರನ್ನು ನೆನೆದು ಇದನ್ನು ಮಾಡಿದ್ದಲ್ಲ, ಆದರೂ 43 ವರ್ಷದ ಒಂದು ಗಂಟು ಸಡಿಲಾಯಿತು.

ಆದರೆ ಗಂಟು ಬೇರೆ ಕಡೆ ಬಿದ್ದಿದೆ. ಈಗ ಮನೆಮನೆಯಲ್ಲೂ ಮಕ್ಕಳನ್ನು ಒಂದನೇ ಇಯತ್ತೆಯಿಂದಲೇ ವ್ಯಾನು ಹತ್ತಿಸಿ ಬೀದರಿನ ಇಂಗ್ಲಿಷ್ ಶಾಲೆಗೆ ಕಳಿಸೋ ರೂಢಿ ಬಂದಿದೆ. ಆ ವ್ಯಾನು ಗಡಿ ದಾಟ್ತದ. ದಿನಾ ಸಂಜೆ ಮನೆಗೆ ಬಂದರೂ, ಶಾಲೆಯ ರಿಜಿಸ್ಟರಿನಲ್ಲಿ ಆ ಮಗು ಕರ್ನಾಟಕದ್ದು. ಏಳರಲ್ಲಿ ನಾಲ್ಕು ವರ್ಷ ಅಲ್ಲಿ ಕಳೆದರೆ ಮುಂದೆ ಹೈಸ್ಕೂಲು ಇಲ್ಲಿ ಓದಿದರೂ ಆ ಲೆಕ್ಕ ತುಂಬುವುದಿಲ್ಲ. ಆರು ವರ್ಷದ ಮಗುವಿನ ಶಾಲೆಯನ್ನು ಆರಿಸುವಾಗ ಇಪ್ಪತ್ತೈದನೇ ವಯಸ್ಸಿನ ನೌಕರಿಯ ಮಾತು ತಂದೆತಾಯಿಗೆ ಯಾರು ಹೇಳ್ತಾರ? ನಾವೇ ಹೇಳಬೇಕು.

ಶಿಕ್ಷಕ ಬಂಧುಗಳಿಗೆ ನನ್ನ ವಿನಂತಿ ಇಷ್ಟು. ದಾಖಲಾತಿ ರಿಜಿಸ್ಟರನ್ನು ಹುಳ ತಿನ್ನದಂತೆ, ಮಳೆಗೆ ನೆನೆಯದಂತೆ ಇಡಿರಿ. ಮಗುವಿನ ಹೆಸರು, ಸೇರಿದ ತಾರೀಖು, ಬಿಟ್ಟ ತಾರೀಖು ಸ್ಪಷ್ಟ ಬರೆಯಿರಿ. ಏಳನೇ ಇಯತ್ತೆ ಮುಗಿಸಿ ಹೋಗುವ ಪ್ರತಿ ಮಗುವಿಗೂ ವರ್ಷವಾರು ಬೋನಫೈಡ್ ಕೈಗೆ ಕೊಟ್ಟೇ ಕಳಿಸಿರಿ, ಆಮೇಲೆ ಅಲೆದಾಡುವುದು ತಪ್ಪುತ್ತದೆ. ಪಾಲಕರು ಅದರ ಝೆರಾಕ್ಸ್ ಎರಡು ತೆಗೆಸಿ ಜಮೀನಿನ ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿರಿ. ನಿಜಾಮರ ಕಾಲದಲ್ಲಿ ಮುಲ್ಕಿ ಸರ್ಟಿಫಿಕೇಟಿಗೆ ಇದ್ದ ಬೆಲೆ ಈಗ ಈ ಕಾಗದಕ್ಕಿದೆ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕಾದದ್ದಿದೆ. ಸ್ಥಳೀಯರ ರಕ್ಷಣೆ ಬೇಕು, ಅದಿಲ್ಲದಿದ್ದರೆ ಹಿಂದುಳಿದ ತಾಲೂಕಿನ ಮಕ್ಕಳಿಗೆ ನಗರದವರ ಮುಂದೆ ನಿಲ್ಲಲು ಆಗುವುದಿಲ್ಲ. ಶಾಲೆಯ ದಾಖಲೆಯೂ ಇರಲಿ. ಅದರ ಜೊತೆ, ಗಡಿ ಮಂಡಲಗಳಲ್ಲಿ ತಂದೆತಾಯಿ ಕಾಯಂ ವಾಸವಿದ್ದು, ಮಾತೃಭಾಷೆಗಾಗಿ ಮಗು ಗಡಿಯಾಚೆ ಓದಿದ್ದರೆ ಆ ವರ್ಷಗಳನ್ನೂ ಸ್ಥಳೀಯ ಓದೆಂದು ಎಣಿಸುವ ಒಂದು ಸಾಲು ಸೇರಿದರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ನ್ಯಾಲ್ಕಲ್, ನಾರಾಯಣಖೇಡ, ತಾಂಡೂರು, ಕೊಡಂಗಲ್, ಗದ್ವಾಲಗಳ ಗಡಿ ಊರುಗಳ ಮಂದಿ ಎಲ್ಲಿಂದಲೋ ಬಂದವರಲ್ಲ. ಅವರು ಇದ್ದಲ್ಲೇ ಇದ್ದರು, ಗಡಿಯೇ ಅವರ ಹೊಲದೊಳಗೆ ಬಂತು. ವಾಪಸ್ ಹೋಗುವ ಯೋಚನೆ ಬಿಟ್ಟಿದ್ದೇನೆ ಎಂದು ಪ್ರಮಾಣ ಮಾಡಲು ಅವರಿಗೆ ಬೇರೆ ಊರೇ ಇಲ್ಲ.